ಇಟಲಿಯಲ್ಲಿ ಹೇಗಿರಬೇಕೆಂದು ತಂಗಿ ಹೇಳಿಕೊಟ್ಟದ್ದು

ಇಟಲಿಯಲ್ಲಿ ಯಾವ ಅಂಗಡಿಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ಮೊದಲು ನಮಸ್ಕಾರ ಹೇಳಬೇಕು. ಬುವೊನ್ ಜೋರ್ನೊ ಅನ್ನಬೇಕು. ಏನೂ ಅನ್ನದೆ ಸೀದಾ ಸಾಮಾನು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ದೊಡ್ಡ ಅಂಗಡಿಗಳಲ್ಲಿ ನಮ್ಮ ಹಾಗೆ ಬದನೆಕಾಯಿಯನ್ನು ಒತ್ತಿ, ತಿರುವಿ ನೋಡುವಂತಿಲ್ಲ; ಅಲ್ಲೇ ಇಟ್ಟಿರುವ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಆ ದೇಶಕ್ಕೆ ಇಳಿದ ಎಂಟು ದಿನದೊಳಗೆ ಪೋಸ್ಟ್ ಆಫೀಸಿಗೆ ಹೋಗಿ ಅಲ್ಲಿರುವುದಕ್ಕೆ ಪರವಾನಗಿಯ ಅರ್ಜಿ ಹಾಕಬೇಕು. ಅವರು ಕೊಟ್ಟ ರಸೀದಿಯನ್ನು ಕಾರ್ಡು ಬರುವವರೆಗೂ ಜೋಪಾನವಾಗಿ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಮನೆಯ ಟಪಾಲು ಡಬ್ಬಿಯ ಮೇಲೆ ನಮ್ಮ ಹೆಸರು ಬರೆಯಬೇಕು. ಹೆಸರು ಇಲ್ಲದಿದ್ದರೆ ಸರಕಾರದ ಪತ್ರ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಇದನ್ನೆಲ್ಲ ಹೇಳುವ ನಾನು ಹೈದರಾಬಾದಿನಿಂದ ಆಚೆ ಹೋದವಳಲ್ಲ. ಓದಿದ್ದು ಐದನೇ ಕ್ಲಾಸು. ಶಹಾಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಬ್ಲೌಸು ಹೊಲಿಯುತ್ತೇನೆ. ಆದರೂ ನಮ್ಮ ಜಿಲ್ಲೆಯಿಂದ ಇಟಲಿಗೆ ಹೊರಟವರು ನನ್ನನ್ನು ಕೇಳಿಕೊಂಡು ಬರುತ್ತಾರೆ. ಬಹಳ ಮಂದಿ ಅಲ್ಲ, ವರ್ಷಕ್ಕೆ ಇಬ್ಬರೋ ಮೂವರೋ. ಹೆಚ್ಚಿನವರು ನರ್ಸ್ ಕೆಲಸ ಕಲಿತ ಹೆಣ್ಣುಮಕ್ಕಳು. ನನ್ನ ತಂಗಿ ಅಲ್ಲಿದ್ದಾಳೆ, ಆಕೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಬರೆದಿಟ್ಟಿದ್ದೇನೆ ಎಂಬುದು ಅವರ ಕಿವಿಗೆ ಬಿದ್ದಿರುತ್ತದೆ. ನಮ್ಮ ಮನೆಯವರು ನಗುತ್ತಾರೆ. "ಇಟಲಿ ತಹಸೀಲ್ದಾರ್ ಅಂತ ಬಾಗಲಿಗಿ ಬೋರ್ಡ್ ಹಾಕಿಸಿಬಿಡ್ಲೇನು?" ಅನ್ನುತ್ತಾರೆ.

ಹೋದ ತಿಂಗಳು ಯಾದಗಿರಿಯಿಂದ ಒಬ್ಬಳು ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಹೋಗಬೇಕಾಗಿತ್ತು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಪೆನ್ನು ಮುಚ್ಚಿ, ಆಮೇಲೆ ಕೇಳಿದಳು.

"ಅಕ್ಕಾರ, ನಿಮ್ಮ ತಂಗಿನೂ ಮಗಳನ್ನ ಇಲ್ಲೇ ಬಿಟ್ಟು ಹೋಗಿದ್ರಂತಲ್ರಿ. ಕರಕೊಳ್ಳಾಕ ಎಷ್ಟು ದಿನ ಹಿಡೀತು?"

"ಆರು ವರ್ಷ."

"ಆರು ವರ್ಷಾ! ಯಾಕ್ರೀ ಅಷ್ಟು?"

"ಅಲ್ಲಿ ಕಾಯಿದೆ ಹಂಗೇ ಅದೆವ್ವಾ."

ಆಕೆ ಬರೆದುಕೊಂಡದ್ದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ನಾಲ್ಕು ದಿನದ ಮೇಲೆ ಆಕೆಯನ್ನು ಕರೆತಂದಿದ್ದ ನಮ್ಮ ಓಣಿಯ ಹೆಂಗಸು ಸಿಕ್ಕು, ಆ ಹುಡುಗಿ ಹೋಗುವುದನ್ನೇ ಬಿಟ್ಟಳು ಎಂದಳು. ಆರು ವರ್ಷ ಮಗಳನ್ನು ಬಿಟ್ಟಿರಲಾರೆ ಅಂದಳಂತೆ. ಆಕೆಯ ನಂಬರು ನನ್ನ ಹತ್ತಿರ ಇರಲಿಲ್ಲ, ಆ ಹೆಂಗಸನ್ನು ಕೇಳುವ ಧೈರ್ಯವೂ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆರು ವರ್ಷ ಹಿಡಿದದ್ದು ಇಟಲಿಯ ಕಾಯಿದೆಯಿಂದ ಅಲ್ಲ. ಎರಡೇ ವರ್ಷಕ್ಕೆ ಅವರು ಒಪ್ಪಿಗೆ ಕೊಟ್ಟಿದ್ದರು. ಉಳಿದ ನಾಲ್ಕು ವರ್ಷಕ್ಕೆ ಕಾರಣ ನಾನು.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದುದರಿಂದ ಆಕೆಯನ್ನು ಎತ್ತಿಕೊಳ್ಳಲು ನಾನು ಶಾಲೆ ಬಿಟ್ಟೆ. ಮುಂದೆ ಆಕೆ ಕಲಬುರಗಿಯಲ್ಲಿ ನರ್ಸಿಂಗ್ ಓದಿದಳು. ಸುರಪುರಕ್ಕೆ ಕೊಟ್ಟೆವು. ಮಗಳೂ ಅಲ್ಲೇ ಹುಟ್ಟಿದಳು. ಆಕೆಗೆ ಒಂದೂವರೆ ವರ್ಷವಾದಾಗ ಗಂಡ ಲಾರಿ ಬಡಿದು ಸತ್ತ. ಜೊತೆಗೆ ಓದಿದ ಕೇರಳದ ಗೆಳತಿಯೊಬ್ಬಳು ಮೊದಲೇ ಇಟಲಿಗೆ ಹೋಗಿದ್ದಳು. ಆಕೆ ಕರೆದಳು. ಒಂಟಿ ಮುದುಕಿಯೊಬ್ಬಳನ್ನು ಅವಳ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸ. ಮೂರು ವರ್ಷದ ಮಗಳನ್ನು ನನ್ನ ಮಡಿಲಿಗೆ ಹಾಕಿ ಹೋದಳು. ನಮಗೆ ಮಕ್ಕಳಾಗಿರಲಿಲ್ಲ. ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತು ಹೊತ್ತು ಸಾಕಾಗಿ ಬಿಟ್ಟಿದ್ದೆವು.

ತಂಗಿ ಹೊರಟುಹೋದ ವಾರವೇ ನಾನು ಮಾಡಿದ ಮೊದಲ ಕೆಲಸ, ಮಗುವಿನ ಜನನ ಪ್ರಮಾಣಪತ್ರವನ್ನು ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಶನ್ ಮಾಡಿಸಿದ್ದು. ನಮ್ಮ ಕಡೆ ಬೆಲೆಯುಳ್ಳ ಕಾಗದ ಎಂದರೆ ಲ್ಯಾಮಿನೇಶನ್ ಆಗಲೇಬೇಕು. ಮಾರ್ಕ್ಸ್ ಕಾರ್ಡು, ಜಾತಿ ಪತ್ರ, ತೀರಿಹೋದವರ ಫೋಟೋ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಗೆದ್ದಲು ಮುಟ್ಟುವುದಿಲ್ಲ, ಮೇಲಿನ ತಗಡು ಸೋರಿದರೂ ಹೆದರಿಕೆ ಇಲ್ಲ. ಮಷೀನಿನಿಂದ ಬಿಸಿಬಿಸಿಯಾಗಿ ಹೊರಗೆ ಬಂದದ್ದನ್ನು ಸೆರಗಿನಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ತಂಗಿಗೆ ಫೋಟೋ ತೆಗೆದು ಕಳಿಸಿದೆ. ಆಕೆಗೂ ಸಂತೋಷವಾಯಿತು.

ಇದು ತಿಳಿಯದೆ ಮಾಡಿದ್ದು. ಇದಕ್ಕೆ ನಾನು ತಪ್ಪಿತಸ್ಥಳಲ್ಲ. ಹೋಗುವವರು ಇದನ್ನು ಬರೆದುಕೊಳ್ಳಿ: ಹೊರದೇಶಕ್ಕೆ ಕೊಡುವ ಯಾವ ಕಾಗದವನ್ನೂ ಲ್ಯಾಮಿನೇಶನ್ ಮಾಡಿಸಬೇಡಿ. ಅದರ ಮೇಲೆ ಸರಕಾರದ ಮೊಹರು ಕೂರುವುದಿಲ್ಲ.

ಅಲ್ಲಿ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗಳೂ ಮುಚ್ಚುತ್ತವಂತೆ. ಆಗ ಮುದುಕಿ ಮಲಗಿರುತ್ತಿದ್ದಳು. ಆ ಹೊತ್ತಿಗೆ ತಂಗಿ ದನಿ ತಗ್ಗಿಸಿ ಫೋನಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು.

"ಅಕ್ಕಾ, ಬರಕೋ. ರೈಲು ಹತ್ತೂಕಿಂತ ಮೊದಲು ಟಿಕೀಟನ್ನ ಗ್ವಾಡಿ ಮ್ಯಾಲಿನ ಡಬ್ಬ್ಯಾಗ ತುರುಕಿ ಠಸ್ಸೆ ಹೊಡಸಬೇಕು. ಹೊಡಸದಿದ್ರ ಟಿಕೀಟಿದ್ರೂ ದಂಡ. ಕಸಕ್ಕ ನಾಕು ಥರದ ಚೀಲ, ಒಂದೊಂದು ದಿನ ಒಂದೊಂದು. ನಾ ಮೊನ್ನಿ ಬಾಟಲಿ ದಿನ ತರಕಾರಿ ಸಿಪ್ಪಿ ಇಟ್ಟೆ, ಮ್ಯಾಲಿನ ಮನಿ ಮುದುಕ ಚೀಲ ತಂದು ನನ್ನ ಕೈಗೇ ಕೊಟ್ಟ. ಇದೆಲ್ಲ ನಿನಗಲ್ಲ, ಹುಡುಗಿಗಿ. ದಿನಾ ಸ್ವಲ್ಪ ಸ್ವಲ್ಪ ಕಥಿ ಹಂಗ ಹೇಳು. ಇಲ್ಲಿ ಬಂದಾಗ ಆಕಿಗಿ ಯಾವುದೂ ಹೊಸಾದು ಅನ್ನಿಸಬಾರದು."

ಹೇಳಿದೆ. ಮೊದಲ ಎರಡು ವರ್ಷ ತಂಗಿ ಹೇಳಿದ ಹಾಗೇ ಹೇಳಿದೆ. ಹುಡುಗಿ ಓಣಿಯ ಕಿರಾಣಿ ಅಂಗಡಿಗೆ ಹೋಗಿ "ಬುವೊನ್ ಜೋರ್ನೊ" ಎಂದು ಕೂಗುತ್ತಿದ್ದಳು. ಅಂಗಡಿಯ ಮುದುಕ "ಬರ್ರಿ ಮೇಮ್‌ಸಾಬ್, ಬೆಲ್ಲ ಬೇಕೋ ಸಕ್ಕರಿ ಬೇಕೋ?" ಅನ್ನುತ್ತಿದ್ದ. ನಮ್ಮ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು, ಬಣ್ಣದ ಬಟ್ಟೆಯ ಚೂರುಗಳನ್ನೂ ಈರುಳ್ಳಿ ಸಿಪ್ಪೆಯನ್ನೂ ಬೇರೆ ಬೇರೆ ಮಾಡಿ ಕೂರುತ್ತಿದ್ದಳು.

ಅಷ್ಟರಲ್ಲಿ ನನ್ನನ್ನು ದೊಡ್ಡವ್ವ ಎಂದು ಕರೆಯುವುದು ಬಿಟ್ಟು ಅವ್ವ ಅನ್ನತೊಡಗಿದ್ದಳು. ನಾನು ತಿದ್ದಲಿಲ್ಲ.

ಎರಡನೇ ವರ್ಷ ಮುಗಿಯುತ್ತಿದ್ದಂತೆ ತಂಗಿ ಅಳುತ್ತಾ ಫೋನು ಮಾಡಿದಳು. ಮಗಳನ್ನು ಕರೆಸಿಕೊಳ್ಳಲು ಅಲ್ಲಿಯ ಸರಕಾರ ಒಪ್ಪಿತ್ತು. ಅಲ್ಲಿ ಮಕ್ಕಳನ್ನು ಕರೆಸಬೇಕಾದರೆ ಸಂಬಳ ಇಷ್ಟಿರಬೇಕು, ಮನೆಯಲ್ಲಿ ಮಗುವಿಗೂ ಜಾಗ ಇರಬೇಕು ಎಂಬ ನೇಮ ಇದೆ. ಮುದುಕಿ ತನ್ನ ಮನೆಯಲ್ಲೇ ಹುಡುಗಿಯೂ ಇರಲಿ ಎಂದು ಸಹಿ ಮಾಡಿಕೊಟ್ಟಿದ್ದಳು. ಆ ಒಪ್ಪಿಗೆಗೆ ಆರು ತಿಂಗಳ ಅವಧಿ. ಅಷ್ಟರೊಳಗೆ ಇಲ್ಲಿ ಜನನ ಪ್ರಮಾಣಪತ್ರಕ್ಕೆ ಬೆಂಗಳೂರಿನಲ್ಲಿ ಮೊಹರು ಹಾಕಿಸಿ ವೀಸಾಕ್ಕೆ ಕೊಡಬೇಕು.

ಲ್ಯಾಮಿನೇಶನ್ ಮಾಡಿಸಿದ ಪತ್ರವನ್ನು ಬೆಂಗಳೂರಿನ ಏಜೆಂಟನಿಗೆ ಕಳಿಸಿದೆ. ಆತ ಹಾಗೇ ವಾಪಸ್ ಕಳಿಸಿ, ಹೊಸದು ಬೇಕು ಎಂದ. ತಂಗಿ ಗಾಬರಿಯಾಗಲಿಲ್ಲ. "ಸುರಪುರಕ್ಕ ಹೋಗಿ ಅರ್ಜಿ ಕೊಡಕ್ಕ. ಇನ್ನೊಂದು ಕೊಡ್ತಾರ" ಅಂದಳು.

ಸುರಪುರಕ್ಕೆ ಹೋದೆ. ಕಚೇರಿಯ ಗುಮಾಸ್ತರು ವಯಸ್ಸಾದವರು. ಕೂಡಿಸಿ ನೀರು ಕೊಟ್ಟರು, ಅರ್ಜಿಯನ್ನು ತಾವೇ ತುಂಬಿದರು. ಸೋಮವಾರ ಬಾ ಅಂದರು, ಸೋಮವಾರ ಕೊಟ್ಟರು. ರಿಜಿಸ್ಟರಿನಲ್ಲಿ ಸಹಿ ಮಾಡಿ ತಂದೆ. ಮರುದಿನ ಬೆಂಗಳೂರಿಗೆ ಕಳಿಸಬೇಕು ಎಂದೇ ತಂದೆ.

ಆ ಸಂಜೆ ಹುಡುಗಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದಳು. ಆಗ ತಂಗಿಯ ಫೋನು ಬಂತು.

"ಸಿಕ್ತೇನಕ್ಕ?"

ಸಿಕ್ತು ಅನ್ನಲು ಬಾಯಿ ತೆರೆದೆ. "ಇಲ್ಲೆವ್ವಾ. ಮುಂದಿನ ವಾರ ಬಾ ಅಂದ್ರು" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಒಂದು ವಾರ, ಒಂದೇ ವಾರ ಹುಡುಗಿ ಇನ್ನೂ ಇರಲಿ ಎಂದುಕೊಂಡೆ. ಪತ್ರವನ್ನು ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಇಟ್ಟೆ. ಮುಂದಿನ ವಾರ ಸಾಹೇಬರು ರಜೆ ಎಂದೆ. ಅದರ ಮುಂದಿನ ವಾರ ಕಂಪ್ಯೂಟರ್ ಕೆಟ್ಟಿದೆ ಎಂದೆ. ಒಮ್ಮೆ ಮಗುವಿನ ಹೆಸರು ರಿಜಿಸ್ಟರಿನಲ್ಲಿ ಸಿಗುತ್ತಿಲ್ಲ ಎಂದೆ. ನೀರು ಕೊಟ್ಟು ಕೂಡಿಸಿದ ಆ ಗುಮಾಸ್ತರ ಮೇಲೆ ಆರು ತಿಂಗಳು ಸುಳ್ಳು ಹೇರಿದೆ. ಸರಕಾರಿ ಕಚೇರಿ ಎಂದರೆ ಅಲೆಸುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಇಟಲಿಯಲ್ಲಿ ಕುಳಿತ ನನ್ನ ತಂಗಿಯೂ ನಂಬಿದಳು.

ನಾಲ್ಕನೇ ತಿಂಗಳಲ್ಲಿ ಒಂದು ದಿನ, ಸುರಪುರಕ್ಕೆ ಹೋಗುತ್ತೇನೆಂದು ಹೇಳಿ ಹುಡುಗಿಯನ್ನು ಕರೆದುಕೊಂಡು ಕೊಡೇಕಲ್ಲಿಗೆ ಹೋದೆ. ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಫೋನು ಬಂತು.

"ಅಕ್ಕಾ, ಎಲ್ಲಿದ್ದಿ?"

"ಕಚೇರಿ ಮುಂದ ಪಾಳಿ ಹಚ್ಚೀನೆವ್ವಾ."

"ಗದ್ದಲ ಭಾಳ ಅದಲ್ಲ."

"ಮಂದಿ ಭಾಳ ಅದ. ಹುಡುಗಿ ಸಾಲಿಗಿ ಹೋಗ್ಯಾಳ."

ಹುಡುಗಿ ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಇದು ಆಟ ಎಂದು ತಿಳಿದು ಕಣ್ಣಲ್ಲೇ ನಕ್ಕಳು. ಸಾಲು ಮುಂದಕ್ಕೆ ಸರಿಯಿತು. ನಾನು ಒಳಗೆ ಹೋಗಿ ಕೈಮುಗಿದು ಏನು ಬೇಡಿಕೊಂಡೆ ಎಂದು ಬರೆಯಲು ನನಗೆ ಆಗುವುದಿಲ್ಲ.

ನಮ್ಮ ಮನೆಯವರಿಗೆ ಟ್ರಂಕಿನ ವಿಷಯ ಗೊತ್ತಿತ್ತು. ಒಮ್ಮೆ ಮಾತ್ರ ಕೇಳಿದರು. "ಕೊಟ್ಟ ಕೂಸನ್ನ ಹೊಳ್ಳಿ ಕೊಡಬೇಕಾಗ್ತದ. ನೆನಪದ ಇಲ್ಲ?" ನಾನು ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲ. ಅವರಿಗೂ ಹುಡುಗಿ ಎಂದರೆ ಜೀವ. ಮತ್ತೆ ಕೇಳಲಿಲ್ಲ.

ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ತಂಗಿ ಕಳಿಸುತ್ತಿದ್ದ ಬುದ್ಧಿಮಾತುಗಳನ್ನು ಹುಡುಗಿಗೆ ಬೇರೆ ದನಿಯಲ್ಲಿ ಹೇಳತೊಡಗಿದೆ. ಮಧ್ಯಾಹ್ನ ಅಕ್ಕಪಕ್ಕದವರು ವಿಶ್ರಾಂತಿ ಮಾಡುತ್ತಾರೆ, ಮೆಲ್ಲಗಿರಬೇಕು ಎಂದು ತಂಗಿ ಹೇಳಿದ್ದಳು. ನಾನು "ಅಲ್ಲಿ ಮಧ್ಯಾಹ್ನ ಮಕ್ಕಳು ಮಾತಾಡಿದ್ರ ಪೊಲೀಸ್ರು ಬರ್ತಾರ" ಎಂದೆ. ಕೆಳಗೆ ಬೇರೆಯವರ ಮನೆ ಇರುತ್ತದೆ, ಜಿಗಿಯಬಾರದು ಎಂದಿದ್ದಳು. "ಅಲ್ಲಿ ಓಡಂಗಿಲ್ಲ, ಜಿಗಿಯಂಗಿಲ್ಲ" ಎಂದೆ. ಆಗಸ್ಟಿನಲ್ಲಿ ಎಲ್ಲರೂ ಸಮುದ್ರದ ಕಡೆ ಹೋಗುತ್ತಾರೆ, ಊರು ಖಾಲಿ, ಸಾಮಾನು ಮೊದಲೇ ತಂದಿಡಬೇಕು ಎಂದಿದ್ದಳು. "ಒಂದು ತಿಂಗಳು ಊರಾಗ ಒಂದು ಮನಷ್ಯಾ ಇರಂಗಿಲ್ಲ" ಎಂದೆ. ಎಲ್ಲವೂ ಆಕೆ ಹೇಳಿದ್ದೇ. ನಾನು ಹೇಳುವಾಗ ಅಂಜಿಕೆ ಸೇರಿಸಿದೆ, ಅಷ್ಟೆ.

ಐದನೇ ತಿಂಗಳಲ್ಲಿ ವಿಡಿಯೊ ಫೋನಿನಲ್ಲಿ ಹುಡುಗಿ ಹೇಳಿಬಿಟ್ಟಳು. "ನಾ ಬರಂಗಿಲ್ಲ. ಅಲ್ಲಿ ಮಾತಾಡಿದ್ರ ಪೊಲೀಸ್ರು ಬರ್ತಾರ. ಅಲ್ಲಿ ಯಾರೂ ಇರಂಗಿಲ್ಲ."

ತಂಗಿ ನನ್ನ ಕಡೆ ನೋಡಿದಳು.

"ಅಕ್ಕಾ, ಅಲ್ಲಿ ನಿಮ್ಮವ್ವ ಇರ್ತಾಳ ಅಂತ ಹೇಳಲಿಲ್ಲೇನು?"

"ಹುಡುಗ್ರ ಮಾತು. ನಾಳಿಗಿ ಮರೀತಾಳ ಬಿಡು" ಎಂದೆ.

ಆರು ತಿಂಗಳು ಮುಗಿಯಿತು. ಒಪ್ಪಿಗೆ ರದ್ದಾಯಿತು. ಮತ್ತೆ ಅರ್ಜಿ ಹಾಕಿದರಾಯಿತು ಎಂದು ತಂಗಿಯೇ ನನಗೆ ಸಮಾಧಾನ ಹೇಳಿದಳು. ಆದರೆ ಆ ಚಳಿಗಾಲದಲ್ಲಿ ಮುದುಕಿ ಸತ್ತಳು. ಆಕೆಯ ಮಕ್ಕಳು ಮನೆ ಮಾರಿದರು. ತಂಗಿಗೆ ಕೆಲಸವೂ ಹೋಯಿತು, ಮಗುವಿಗೆಂದು ತೋರಿಸಿದ್ದ ಜಾಗವೂ ಹೋಯಿತು. ಮೂವರು ಹೆಂಗಸರ ಜೊತೆ ಒಂದು ಕೋಣೆಯಲ್ಲಿ ಇದ್ದಳು. ಅಂಥ ಕೋಣೆಯನ್ನು ತೋರಿಸಿ ಮಗುವನ್ನು ಕರೆಸಲು ಆಗುವುದಿಲ್ಲ. ಮತ್ತೊಂದು ಕಾಯಂ ಕೆಲಸ, ಸ್ವಂತ ಬಾಡಿಗೆ ಮನೆ, ಹೊಸ ಒಪ್ಪಿಗೆ, ಇಷ್ಟಾಗುವ ಹೊತ್ತಿಗೆ ಹುಡುಗಿಗೆ ಒಂಬತ್ತು ತುಂಬಿತ್ತು. ಆ ವರ್ಷಗಳಲ್ಲಿ ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. "ನಮ್ಮವ್ವ ಯಾಕ ನನ್ನ ಕರಿಸಿಕೊಳ್ಳವಲ್ಲಳು?" ಎಂದು ಹುಡುಗಿ ಒಮ್ಮೊಮ್ಮೆ ಕೇಳುತ್ತಿದ್ದಳು. ನಾನು ಆಕೆಯ ತಲೆ ಬಾಚುತ್ತಲೇ ಇರುತ್ತಿದ್ದೆ. ಕೇಳಿ ಕೇಳಿ ತಾನೇ ಒಂದು ಉತ್ತರ ಮಾಡಿಕೊಂಡಳು: ತಾಯಿಗೆ ತಾನು ಬೇಡ.

ಈ ಸಲ ತಂಗಿ ತಾನೇ ಬಂದಳು. ಕಾಗದದ ಕೆಲಸವನ್ನು ನನಗೆ ಒಪ್ಪಿಸಲಿಲ್ಲ. ಇಬ್ಬರೂ ಸುರಪುರಕ್ಕೆ ಹೋದೆವು. ನಾನು ಬೇಡ ಎಂದರೂ ಕೈಹಿಡಿದು ಕರೆದುಕೊಂಡು ಹೋದಳು. ಕಚೇರಿಯಲ್ಲಿ ಬೇರೆ ಗುಮಾಸ್ತರಿದ್ದರು.

"ಆಗ್ಲೇ ಒಂದು ಒಯ್ದೀರಲ್ರಿ" ಎಂದು ಹಳೆಯ ರಿಜಿಸ್ಟರು ತಿರುಗಿಸಿ ತೋರಿಸಿದರು. ಅಲ್ಲಿ ತಾರೀಖು ಇತ್ತು. ಅದರ ಮುಂದೆ ಐದನೇ ಕ್ಲಾಸಿನ ಅಕ್ಷರದಲ್ಲಿ ನನ್ನ ಸಹಿ ಇತ್ತು.

ತಂಗಿ ತಾರೀಖಿನ ಮೇಲೆ ಬೆರಳಿಟ್ಟು ಓದಿದಳು. "ಹೌದ್ರಿ, ಕಳದು ಹೋಗ್ಯದ. ಇನ್ನೊಂದು ಕೊಡ್ರಿ" ಎಂದಳು.

ಶಹಾಪುರದ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾಯುತ್ತಿದ್ದೆ. ಅರ್ಧ ದಾರಿ ಕಳೆದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ಅಕ್ಕಾ, ಅಲ್ಲಿ ಸತ್ತಳಲ್ಲ ಆ ಅಜ್ಜಿ, ತನ್ನ ಮನ್ಯಾಗಿನ ಒಂದು ಕೋಣಿಗಿ ಹೊಸಾ ಬಣ್ಣ ಹೊಡಿಸಿದ್ಲು. ಹುಡುಗಿ ಬರ್ತಾಳಂತ."

ಬಸ್ಸು ಇಳಿಯುವಾಗ ಇನ್ನೊಂದು ಮಾತು. "ಹುಡುಗಿ ಮುಂದ ಹೇಳಬ್ಯಾಡ. ಆಕಿ ನಂಬಿರೋದು ನಿನ್ನೊಬ್ಬಾಕಿನ್ನ. ಅದನ್ನೂ ಕಸಕೊಂಡು ನಾ ಎಲ್ಲಿಗಿ ಒಯ್ಲಿ?"

ಕರೆದುಕೊಂಡು ಹೋಗುವ ದಿನ ಹುಡುಗಿ ನನ್ನ ಕೊರಳನ್ನು ಬಿಡಲಿಲ್ಲ. ನಮ್ಮ ಮನೆಯವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ತಂಗಿ ಕಾರಿನ ಬಾಗಿಲು ಹಿಡಿದು, ಬೇರೆ ಯಾರದೋ ಮಗುವನ್ನು ಒಯ್ಯಲು ಬಂದವಳ ಹಾಗೆ ನಿಂತಿದ್ದಳು.

ಅಲ್ಲಿ ಹುಡುಗಿ ಎಂಟು ತಿಂಗಳು ಹೊಂದಿಕೊಳ್ಳಲಿಲ್ಲ. ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ತುದಿಗಾಲ ಮೇಲೆ ನಡೆಯುತ್ತಿದ್ದಳು. ತಾಯಿ ಬಡಿಸಿದ್ದನ್ನು ಅರ್ಧಕ್ಕೆ ಬಿಟ್ಟು ನನಗೆ ಫೋನು ಹಚ್ಚುತ್ತಿದ್ದಳು. ತಂಗಿ ನನಗೆ ಒಂದೇ ಮಾತು ಹೇಳುತ್ತಿದ್ದಳು, "ಉಣ್ಣು ಅಂತ ಹೇಳಕ್ಕ. ನೀ ಹೇಳಿದ್ರ ಕೇಳ್ತಾಳ." ನಾನು ಹೇಳುತ್ತಿದ್ದೆ. ಆಕೆ ಉಣ್ಣುತ್ತಿದ್ದಳು. ಒಳಗೊಳಗೆ ನನಗೆ ಹಿಗ್ಗಾಗುತ್ತಿತ್ತು. ಇದನ್ನೂ ಬರೆಯಬೇಕು. ತಂಗಿ ಅಷ್ಟು ಸೋತಿರುವಾಗಲೂ ಹುಡುಗಿಗೆ ನಾನೇ ಬೇಕು ಎಂಬುದು ನನಗೆ ಸಿಹಿಯಾಗಿತ್ತು.

ಯಾದಗಿರಿಯವಳು ಹೋಗುವುದನ್ನು ಬಿಟ್ಟಳೆಂದು ತಿಳಿದ ಮೇಲೆ ಎರಡು ದಿನ ಮಷೀನಿನ ಮೇಲೆ ಕೂರಲಾಗಲಿಲ್ಲ. ಇನ್ನೊಬ್ಬ ತಾಯಿಯ ದಾರಿಗೂ ಅಡ್ಡ ಬಂದಿದ್ದೆ. ಭಾನುವಾರ ಹುಡುಗಿಯ ಫೋನು ಬಂತು. ಇಲ್ಲಿ ನಮ್ಮದು ಸಂಜೆ, ಅವರದು ಊಟದ ಹೊತ್ತು.

"ಅವ್ವಾ, ಇವತ್ತು ನಾ ಉಣಂಗಿಲ್ಲ. ಆಕಿ ನನ್ನ ಜೋಡಿ ಮಾತಾಡಾಕ ಬರ್ತಾಳ. ಆರು ವರ್ಷ ಎಲ್ಲಿಗಿ ಹೋಗಿದ್ಲಂತ ಕೇಳು."

"ಆಕಿ ಕರದಿದ್ಲು. ನಾ ಕಳಿಸಲಿಲ್ಲ" ಎಂದೆ.

ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಹುಟ್ಟಿದ ಸರ್ಟಿಫಿಕೇಟು ಟ್ರಂಕಿನಲ್ಲಿ ಇತ್ತು ಎಂದೆ. ಕಚೇರಿಯವರು ಕೊಡಲಿಲ್ಲ ಎಂದದ್ದು ಸುಳ್ಳು, ಪೊಲೀಸರು ಬರುತ್ತಾರೆ ಎಂದದ್ದೂ ಸುಳ್ಳು ಎಂದೆ. ಕೊಡೇಕಲ್ಲಿನಲ್ಲಿ ಬಾಯಿಯ ಮೇಲೆ ಬೆರಳಿಟ್ಟದ್ದು ಆಟ ಅಲ್ಲ, ಆ ಫೋನಿನಲ್ಲಿ ನಿಮ್ಮವ್ವ ಇದ್ದಳು ಎಂದೆ.

"ಎಷ್ಟು ದಿನ ಇತ್ತು ಆ ಕಾಗದ ನಿನ್ನ ಕಡಿ?"

"ನಾಕು ವರ್ಷ."

"ಅಂದ್ರ ನಾ ಒಂದನೇ ಕ್ಲಾಸಿಗಿ ಹೋಗೂಕಿಂತ ಮೊದಲೇ ಕರದಿದ್ಲು?"

"ಹೌದು."

ಆಕೆ ಅಳಲಿಲ್ಲ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಕುರ್ಚಿ ಹಿಂದೆ ಸರಿಯಿತು. ಫೋನು ಕಟ್ ಮಾಡುವುದನ್ನು ಮರೆತಿದ್ದಳು. ದೂರದಲ್ಲಿ ಹುಡುಗಿ ಏನೋ ಕೇಳಿದಳು. ಕನ್ನಡದಲ್ಲಿ ಅಲ್ಲ, ಎಂಟು ತಿಂಗಳು ಶಾಲೆಯಲ್ಲಿ ಆಡಲೊಲ್ಲದೆ ನುಂಗಿಕೊಂಡಿದ್ದ ಇಟಲಿಯ ಮಾತಿನಲ್ಲಿ. ನಾನು ಕೇಳಿಸಿಕೊಳ್ಳಬಾರದೆಂದೇ ಆ ಮಾತಿನಲ್ಲಿ ಕೇಳಿದಳೆಂದು ನನಗನಿಸಿತು. ತಂಗಿ ಅದೇ ಮಾತಿನಲ್ಲಿ ಉತ್ತರ ಕೊಟ್ಟಳು. ಹುಡುಗಿ ಮತ್ತೆ ಕೇಳಿದಳು. ಈ ಸಲ ತಂಗಿಯ ಉತ್ತರ ಉದ್ದವಾಗಿತ್ತು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದೆ. ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಒಂದು ಮಾತೂ ನನಗೆ ತಿಳಿಯಲಿಲ್ಲ.